ಗಾರ್ಡಿನಲ್ ತಿಂದು ಅಪ್ಪ ವಾಕಿಂಗ್ ಹೋಗುತ್ತಾರೆ. ಅದೇ ಮನೆತನದ ಇಂಜೆಕ್ಷನ್‌ಗೆ ಹತ್ತು ಎಣಿಸುವ ಮೊದಲೇ ಬಿದ್ದರು. ಹೇಗೆ?

ಡೊಂಬಿವಲಿ ಫಾಸ್ಟ್
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಯಿತು, ಬೈಬೇಡಿ.

ಅಪ್ಪನಿಗೆ 71. ಮುಂದಿನ ವಾರ ಹರ್ನಿಯಾ ಆಪರೇಷನ್. ಅವರಿಗೆ ಮೊದಲಿಂದ ಫಿಟ್ಸ್ ಇದೆ. ಮೂವತ್ತು ವರ್ಷದಿಂದ ರಾತ್ರಿ ಊಟ ಆದ ಮೇಲೆ ಗಾರ್ಡಿನಲ್ ಮಾತ್ರೆ. ಮಜ್ಜಿಗೆ ಅನ್ನ ತಪ್ಪಬಹುದು, ಅದು ತಪ್ಪುವುದಿಲ್ಲ. ನಿನ್ನೆ ತಪಾಸಣೆಗೆ ಹೋದಾಗ ಅರಿವಳಿಕೆ ಡಾಕ್ಟ್ರು ಮಾತ್ರೆಯ ಹೆಸರು ನೋಡಿ "ಓಹೋ, ಬಾರ್ಬಿಚುರೇಟ್" ಅಂದರು. ಅಪ್ಪ ಸುಮ್ಮನೆ ಬಿಡುವವರಲ್ಲ. 1987ರಲ್ಲಿ ಅವರಿಗೆ ಅಪೆಂಡಿಕ್ಸ್ ತೆಗೆದಿದ್ದರು. ಆಗ ಕೊಟ್ಟ ಮತ್ತಿನ ಇಂಜೆಕ್ಷನ್ ಪೆಂಟೋಥಾಲ್ ಕೂಡ ಇದೇ ಬಾರ್ಬಿಚುರೇಟ್ ಮನೆತನದ್ದು ಅಂತ ಗೊತ್ತಾಯಿತು.

ಆಟೋದಲ್ಲಿ ಮನೆ ತಲುಪುವವರೆಗೂ ಅಪ್ಪನದು ಒಂದೇ ರಾಗ. "ಅಲ್ಲವೋ, ಒಂದನ್ನು ತಿಂದು ನಾನು ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೋಗ್ತೇನೆ. ಇನ್ನೊಂದನ್ನು ಚುಚ್ಚಿದಾಗ ಹತ್ತು ಎಣಿಸು ಅಂದ್ರು, ಆರಕ್ಕೇ ಹೋದೆ. ಒಂದೇ ಮನೆತನ ಅಂದ್ರೆ ಹೇಗೆ?"

ನಾನು ಬಿಕಾಂ. ನನ್ನ ಹತ್ತಿರ ಉತ್ತರ ಇಲ್ಲ. ಈ ಮದ್ದು ಮಿದುಳಿನ ಒಳಗೆ ನಿಜವಾಗಿ ಏನು ಮಾಡುತ್ತದೆ? "ನರಗಳನ್ನು ಶಾಂತ ಮಾಡುತ್ತದೆ" ಅಂತ ಮಾತ್ರ ಹೇಳಬೇಡಿ. ಅಷ್ಟನ್ನು ನಮ್ಮ ಗಲ್ಲಿಯ ಡಾಕ್ಟ್ರೇ ಹೇಳಿ ಇನ್ನೂರು ರೂಪಾಯಿ ತಗೊಂಡರು.

ಶೆಟ್ರ ಕ್ಯಾಂಟೀನ್, ಮುಲುಂಡ್
ಡೊಂಬಿವಲಿ ಫಾಸ್ಟ್ ಲೋಕಲ್ ರೈಲಲ್ಲಿ ನಿಂತುಕೊಂಡೇ ನಿದ್ದೆ ಹೊಡೆಯುವ ಜನಕ್ಕೆ ಯಾವ ಇಂಜೆಕ್ಷನ್ನೂ ಬೇಡ ಮಾರಾಯ್ರೇ.

ಮೀರಾ ರೋಡ್ ಅಕ್ಕ
ತಮಾಷೆ ಆಮೇಲೆ ಮಾಡಿ ಶೆಟ್ರೇ. ತಮ್ಮಾ, ಮೊದಲು ಇದನ್ನು ಕೇಳು. ಆಪರೇಷನ್ ಅಂತ ಅಪ್ಪನ ಮಾತ್ರೆ ನಿಲ್ಲಿಸಬೇಡ. ನಮ್ಮ ಚಿಕ್ಕಪ್ಪನಿಗೆ ಹೀಗೇ ಆಗಿತ್ತು. ವಾರ್ಡಿನಲ್ಲಿ ಯಾರೋ "ಬಾಯಿಗೆ ಏನೂ ಹಾಕಬೇಡಿ, ಮಾತ್ರೆನೂ ಬೇಡ" ಅಂದರು. ಆಪರೇಷನ್ ಎರಡು ಸಲ ಮುಂದಕ್ಕೆ ಹೋಯಿತು. ಮಾತ್ರೆ ಮತ್ತೆ ಶುರು ಮಾಡಿ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹತ್ತು ದಿನ ಬಂದ್. ಹನ್ನೊಂದನೇ ದಿನ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದು ಹಲ್ಲು ಮುರಿಯಿತು.

ಕೊಥ್ರೂಡ್ ಅರಿವಳಿಕೆ
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಪುಣೆಯಲ್ಲಿ ಇದೇ ಕೆಲಸ ಮಾಡುವವಳು, ಅರಿವಳಿಕೆ ಡಾಕ್ಟರ್. ಗಾರ್ಡಿನಲ್ ಅಂದರೆ ಫೀನೋಬಾರ್ಬಿಟೋನ್. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಮೂರು ನಾಲ್ಕು ದಿನ ಬೇಕು. ಒಂದು ದಿನ ತಪ್ಪಿದರೆ ಆಕಾಶ ಬೀಳುವುದಿಲ್ಲ. ಹತ್ತು ದಿನ ಬಿಟ್ಟರೆ ಬೀಳುತ್ತದೆ. ಆಪರೇಷನ್ ದಿನದ ಮಾತ್ರೆಯನ್ನು ಎಷ್ಟು ಹೊತ್ತಿಗೆ, ಎಷ್ಟು ನೀರಲ್ಲಿ ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ಅವರು ಹೇಳುತ್ತಾರೆ.

ಈಗ ಅಪ್ಪನ ಪ್ರಶ್ನೆ. ಬಹಳ ಒಳ್ಳೆಯ ಪ್ರಶ್ನೆ ಅದು, ಎಂಬಿಬಿಎಸ್ ಹುಡುಗರೂ ಕೇಳುವುದಿಲ್ಲ.

ಮಿದುಳಿನ ಕೋಶಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ನಡುವೆ ಸಂದು ಇದೆ. ಸುಮಾರು 20 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಐವತ್ತು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು. ಈ ಕಡೆಯ ಕೋಶ ಆ ಸಂದಿಗೆ ರಾಸಾಯನಿಕ ಬಿಡುತ್ತದೆ, ಆ ಕಡೆಯದು ಹಿಡಿದುಕೊಳ್ಳುತ್ತದೆ. ಮುಖ್ಯವಾಗಿ ಎರಡು ಮಾತು. ಗ್ಲುಟಮೇಟ್ ಅನ್ನುವುದು "ಹೊರಡು" ಅನ್ನುತ್ತದೆ. ಗಾಬಾ ಅನ್ನುವುದು "ತಡಿ" ಅನ್ನುತ್ತದೆ. ಪ್ರತಿ ಕೋಶಕ್ಕೂ ಸಾವಿರಾರು ಕಡೆಯಿಂದ ಈ ಎರಡೂ ಮಾತು ಒಟ್ಟಿಗೆ ಬರುತ್ತಿರುತ್ತವೆ. ಯಾವುದು ಜಾಸ್ತಿಯೋ ಹಾಗೆ ಅದು ನಡೆಯುತ್ತದೆ. ಅತ್ತೆ ಸೊಸೆ ಇಬ್ಬರ ಮಾತೂ ಕೇಳುವ ಗಂಡನ ಹಾಗೆ.

ಗಾಬಾ ಹೋಗಿ ಕೂರುವ ಜಾಗ ಐದು ತುಂಡು ಸೇರಿ ಆದ ಉಂಗುರ. ನಡುವೆ ಕಿಂಡಿ. ಗಾಬಾ ಕೂತಾಗ ಕಿಂಡಿ ತೆರೆಯುತ್ತದೆ, ಕ್ಲೋರೈಡ್ ಒಳಗೆ ನುಗ್ಗುತ್ತದೆ. ಅಡುಗೆ ಉಪ್ಪಿನಲ್ಲಿ ಇರುತ್ತದಲ್ಲ, ಅದೇ. ಅದು ಮೈನಸ್ ಚಾರ್ಜ್ ಇರುವುದು, ಹಾಗಾಗಿ ಆ ಕೋಶವನ್ನು ಎಬ್ಬಿಸುವುದು ಕಷ್ಟ ಆಗುತ್ತದೆ. ಕಿಂಡಿ ತೆರೆದಿರುವುದು ಕೆಲವೇ ಮಿಲಿಸೆಕೆಂಡ್. ಬಾರ್ಬಿಚುರೇಟ್ ಅದೇ ಉಂಗುರದಲ್ಲಿ ಬೇರೆ ಕಡೆ ಹೋಗಿ ಕೂರುತ್ತದೆ. ಆಗ ಕಿಂಡಿ ಬೇಗ ಮುಚ್ಚುವುದಿಲ್ಲ.

ಪೆಂಟೋಥಾಲ್, ಗಾರ್ಡಿನಲ್ ಎರಡೂ ಇಷ್ಟರ ಮಟ್ಟಿಗೆ ಅಣ್ಣತಮ್ಮ. ವ್ಯತ್ಯಾಸ ಮುಂದೆ ಇದೆ. ಈಗ ಕೇಸ್ ಇದೆ, ಸಂಜೆ ಬರುತ್ತೇನೆ.

ಶೆಟ್ರ ಕ್ಯಾಂಟೀನ್, ಮುಲುಂಡ್
ಅತ್ತೆ ಸೊಸೆ ಗಂಡ ಉದಾಹರಣೆಯಲ್ಲಿ ಎಲ್ಲ ಅರ್ಥ ಆಯಿತು. ಮುಂದಿನದು ಬೇಡ.

ಹಡಪಸರ ಹುಬ್ಬಳ್ಳಿ
ಡಾಕ್ಟ್ರೇ, ನೀವು ಅರಿವಳಿಕೆ ಅಂದದ್ದಕ್ಕ ಒಂದು ನೆನಪಾತು. ನಮ್ಮವ್ವ ಹುಬ್ಬಳ್ಳಿಯಿಂದ ಹೊಸದಾಗಿ ಪುಣೆಗೆ ಬಂದಿದ್ದಳು. ಆಸ್ಪತ್ರೆಯ ಒಂದು ಬಾಗಿಲ ಮೇಲೆ ಮರಾಠಿಯಲ್ಲಿ "ಭೂಲತಜ್ಞ" ಅಂತ ಬೋರ್ಡ್. ಅವ್ವನಿಗೆ ಸಿನಿಮಾ ನೋಡಿ ಕಲಿತ ಹಿಂದಿ ಅಷ್ಟೇ ಬರುತ್ತದೆ. "ಭೂಲ್ ಅಂದ್ರ ತಪ್ಪಲ್ಲೇನು? ತಪ್ಪು ಮಾಡೂದರಾಗ ತಜ್ಞ ಅಂತ ಬೋರ್ಡ್ ಹಾಕ್ಯಾರಲ್ಲೋ, ನಡಿ ಇಲ್ಲಿಂದ" ಅಂತ ಎದ್ದೇಬಿಟ್ಟಳು. ಮರಾಠಿಯಲ್ಲಿ ಭೂಲ್ ಅಂದರೆ ಮತ್ತು ಬರಿಸುವುದು ಅಂತ ತಿಳಿಸಿ ಹೇಳಲು ನರ್ಸ್ ಬರಬೇಕಾಯಿತು.

ಮೀರಾ ರೋಡ್ ಅಕ್ಕ
ಅಯ್ಯೋ ದೇವರೇ, ಚಹಾ ಎಲ್ಲ ಮೂಗಿಗೆ ಹತ್ತಿತು.

ಮಾಟುಂಗಾ ಮೇಷ್ಟ್ರು
ಕನ್ನಡದ ಪದ ನೋಡಿ ಎಷ್ಟು ಚೆಂದ. ಅರಿವು ಅಳಿಯುವುದು, ಅರಿವಳಿಕೆ. ನೋವು ಹೋಗುವುದು ಅಂತ ಇಲ್ಲ. ಪೆಂಟೋಥಾಲ್‌ಗೆ ಈ ಹೆಸರು ಅಳತೆ ತೆಗೆದು ಹೊಲಿಸಿದ ಹಾಗಿದೆ. ಅದು ನೋವು ಕಳೆಯುವ ಮದ್ದು ಅಲ್ಲವೇ ಅಲ್ಲ. ಕಡಿಮೆ ಡೋಸಿನಲ್ಲಿ ನೋವು ಇನ್ನೂ ಜಾಸ್ತಿ ಗೊತ್ತಾಗುವ ಹಾಗೆ ಮಾಡುತ್ತದೆ ಅಂತ ನಮ್ಮ ಕಾಲದ ಪುಸ್ತಕಗಳಲ್ಲೇ ಇತ್ತು. ಅರಿವು ಮಾತ್ರ ಅಳಿಸುತ್ತದೆ. ನೋವಿಗೆ ಬೇರೆ ಮದ್ದು ಕೊಡಲೇಬೇಕು.

ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಫಾರ್ಮಕಾಲಜಿ ಪಾಠ ಮಾಡಿದ್ದೇನೆ. ಡಾಕ್ಟರಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಪಾಠದಲ್ಲಿ ಎಸಿ ಲೋಕಲ್ ರೈಲಿನ ಬಾಗಿಲಿನ ಉದಾಹರಣೆ ಕೊಡುತ್ತಿದ್ದೆ. ಅದಕ್ಕೂ ಮೊದಲು ಬೆಸ್ಟ್ ಬಸ್ ಇತ್ತು, ಇರಲಿ. ಡಯಾಜಿಪಾಮ್, ಅಂದರೆ ನಿಮ್ಮ ಕಾಂಪೋಸ್ ಮಾತ್ರೆ, ಬಾಗಿಲನ್ನು ಮತ್ತೆ ಮತ್ತೆ ತೆರೆಸುತ್ತದೆ. ಬಾರ್ಬಿಚುರೇಟ್ ತೆರೆದ ಬಾಗಿಲಿಗೆ ಕಾಲು ಅಡ್ಡ ಕೊಟ್ಟು "ಏಕ್ ಮಿನಿಟ್ ಭಾಯ್, ಮೇರಾ ಆದ್ಮಿ ಆ ರಹಾ ಹೈ" ಅನ್ನುತ್ತದೆ. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬರುತ್ತಿತ್ತು. ಒಂದು ಎಷ್ಟು ಸಲ, ಇನ್ನೊಂದು ಎಷ್ಟು ಹೊತ್ತು. 1981ರಲ್ಲಿ ಇಲಿಯ ಬೆನ್ನುಹುರಿಯ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಕರೆಂಟಿನ ಏರಿಳಿತ ಅಳೆದು ಇದನ್ನು ಹಿಡಿದರು.

ಡೊಂಬಿವಲಿ ಫಾಸ್ಟ್
ಮೇಷ್ಟ್ರೇ, ಬಾಗಿಲು ಅರ್ಥ ಆಯಿತು. ಆದರೆ ಎರಡೂ ಕಾಲು ಅಡ್ಡ ಕೊಡುವುದಾದರೆ ಅಪ್ಪ ಮಾತ್ರೆ ತಿಂದು ಯಾಕೆ ಬೀಳುವುದಿಲ್ಲ?

ಮಾಟುಂಗಾ ಮೇಷ್ಟ್ರು
ಡೋಸ್ ತಮ್ಮಾ. ಅಷ್ಟೇ. ಒಂದು ಬಟ್ಟಲು ಗಾರ್ಡಿನಲ್ ತಿಂದರೆ ಯಾರಾದರೂ ಬೀಳುತ್ತಾರೆ.

ಪಾಷಾಣ್ ರೋಡ್
ಅಷ್ಟೇ ಅಲ್ಲ ಸರ್, ಕ್ಷಮಿಸಿ. ಈ ಚರ್ಚೆ ಪೂರ್ತಿ ಗಾಬಾ ಗಾಬಾ ಅಂತ ಹೋಗುತ್ತಿದೆ. ಅರ್ಧ ಕಥೆ ಅದು.

ನಾನು ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಸೈನಾಪ್ಸ್, ಅಂದರೆ ಕೋಶಗಳ ನಡುವಿನ ಆ ಸಂದಿನ ಜೋಡಣೆ, ಅದರ ಮೇಲೆಯೇ ಕೆಲಸ. ಗಾಬಾ ಕಿಂಡಿಯ ವಿಷಯ ಗೊತ್ತಾಗುವ ಮೊದಲೇ ಜನ ಕೇಳಿದ ಪ್ರಶ್ನೆ ಬೇರೆ ಇತ್ತು. ಮದ್ದು ಕೆಲಸ ಮಾಡುವುದು ತಂತಿಯ ಮೇಲೋ, ಜೋಡಣೆಯ ಮೇಲೋ? ಅಂದರೆ ನರದ ಉದ್ದಕ್ಕೂ ಓಡುವ ಕರೆಂಟ್ ನಿಲ್ಲುತ್ತದೋ, ಅಥವಾ ಸಂದು ದಾಟುವುದು ನಿಲ್ಲುತ್ತದೋ? 1952ರಲ್ಲಿ ಲ್ಯಾರಬಿ ಮತ್ತು ಪೋಸ್ಟರ್ನಾಕ್ ಅನ್ನುವವರು ಬೆನ್ನುಮೂಳೆಯ ಪಕ್ಕದ ನರಗಂಟುಗಳಲ್ಲಿ ನೋಡಿದರು. ತಂತಿಗೆ ಏನೂ ಆಗದಷ್ಟು ಕಡಿಮೆ ಮದ್ದಿಗೇ ಸಂದು ದಾಟುವುದು ಬಂದ್ ಆಗುತ್ತಿತ್ತು. 1972ರಲ್ಲಿ ಗಿನಿಪಿಗ್ ಮಿದುಳಿನಲ್ಲಿ ವಾಸನೆಗೆ ಸಂಬಂಧಪಟ್ಟ ಭಾಗವನ್ನು ತೆಳ್ಳಗೆ ಕೊಯ್ದು ಇಟ್ಟುಕೊಂಡು ಇನ್ನೊಂದು ಪ್ರಯೋಗ ಆಯಿತು. ಬಾರ್ಬಿಚುರೇಟ್ ಹಾಕಿದರು. ಒಳಗೆ ಬರುವ ನರದ ಕರೆಂಟ್ ಹಾಗೇ ಇತ್ತು. ಆ ಕಡೆಯ ಕೋಶದ "ಹೊರಡು" ಉತ್ತರ ಮಾತ್ರ ಇಳಿಯುತ್ತಾ ಹೋಯಿತು. ಗಮನಿಸಿ, "ತಡಿ" ಜೋರಾದದ್ದು ಒಂದು ಕಡೆ ಇರಲಿ, "ಹೊರಡು" ಅನ್ನುವ ಮಾತೇ ಮೆತ್ತಗಾಯಿತು.

ಯಾಕೆ ಅಂತ ಈಗ ಗೊತ್ತು. ಬಾರ್ಬಿಚುರೇಟ್ ಗ್ಲುಟಮೇಟ್ ಹಿಡಿಯುವ ಎಎಂಪಿಎ ರಿಸೆಪ್ಟರನ್ನೂ ತಡೆಯುತ್ತದೆ. ಜಾಸ್ತಿ ಡೋಸಿನಲ್ಲಿ ಈ ಕಡೆಯ ಕೋಶದ ತುದಿಗೆ ಕ್ಯಾಲ್ಸಿಯಂ ಬರುವುದನ್ನೂ ಕಡಿಮೆ ಮಾಡುತ್ತದೆ. ಕ್ಯಾಲ್ಸಿಯಂ ಬರದಿದ್ದರೆ ರಾಸಾಯನಿಕ ಹೊರಗೆ ಬೀಳುವುದಿಲ್ಲ. ಮಾತಾಡುವವನ ಬಾಯಿಗೂ ಬಟ್ಟೆ, ಕೇಳುವವನ ಕಿವಿಗೂ ಹತ್ತಿ.

ಶೆಟ್ರ ಕ್ಯಾಂಟೀನ್, ಮುಲುಂಡ್
ಹೆಸರಲ್ಲೇ ಪಾಷಾಣ ಇಟ್ಟುಕೊಂಡವರ ಹತ್ತಿರ ಮದ್ದಿನ ವಿಷಯ ಕೇಳಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದರು.

ಪಾಷಾಣ್ ರೋಡ್
ಪುಣೆಯಲ್ಲಿ ಅದು ಬಡಾವಣೆಯ ಹೆಸರು ಶೆಟ್ರೇ. ಊರಿಗೆ ಹೋದಾಗಲೆಲ್ಲ ಇದೇ ಜೋಕ್, ಮುಗೀತು.

ಮಾಟುಂಗಾ ಮೇಷ್ಟ್ರು
ತಮ್ಮಾ, ಓದಿದ್ದೀಯ, ಸಂತೋಷ. ಆದರೆ ಗಾಜಿನ ತಟ್ಟೆಯಲ್ಲಿ ಮದ್ದನ್ನು ಸುರಿದರೆ ಎಲ್ಲವೂ ಕಡಿಮೆ ಆಗುತ್ತದೆ. ಮನುಷ್ಯನಿಗೆ ನಿಜವಾಗಿ ಕೊಡುವ ಪ್ರಮಾಣದಲ್ಲಿ ಏನು ಆಗುತ್ತದೆ ಅನ್ನುವುದು ಮುಖ್ಯ. ಆ ಪ್ರಮಾಣದಲ್ಲಿ ಗಾಬಾ ಕಿಂಡಿಯದೇ ಮೇಲುಗೈ. ಬೆಕ್ಕಿನ ಬೆನ್ನುಹುರಿಯಲ್ಲಿ ಎಕ್ಲ್ಸ್ ಅನ್ನುವ ವಿಜ್ಞಾನಿಯ ತಂಡ 1963ರಲ್ಲೇ ನೋಡಿತ್ತು, ಬಾರ್ಬಿಚುರೇಟ್ ಕೊಟ್ಟರೆ ತಡೆ ಜಾಸ್ತಿ ಹೊತ್ತು ನಿಲ್ಲುತ್ತದೆ ಅಂತ. ಅದೇ ವರ್ಷ ಅವರಿಗೆ ನೊಬೆಲ್ ಬಂತು, ಈ ಕೆಲಸಕ್ಕೆ ಅಲ್ಲದಿದ್ದರೂ.

ಪಾಷಾಣ್ ರೋಡ್
ಮೇಲುಗೈ ಅಂದರೆ ಒಪ್ಪುತ್ತೇನೆ ಸರ್. ಅದೊಂದೇ ಅಂದರೆ ಒಪ್ಪುವುದಿಲ್ಲ.

ಮಾಟುಂಗಾ ಮೇಷ್ಟ್ರು
ಅದೊಂದೇ ಅಂತ ನಾನೆಲ್ಲಿ ಹೇಳಿದೆ?

ಪಾಷಾಣ್ ರೋಡ್
"ಡೋಸ್ ತಮ್ಮಾ. ಅಷ್ಟೇ." ಇದು ನಿಮ್ಮದೇ ಮಾತು, ಮೇಲೆ ಇದೆ.

ಹಡಪಸರ ಹುಬ್ಬಳ್ಳಿ
ಜಗಳ ಹತ್ತಿತು ನೋಡ್ರಿ. ಗಿರ್ಮಿಟ್ ತರಲೇನು?

ಕೊಥ್ರೂಡ್ ಅರಿವಳಿಕೆ
ಕೇಸ್ ಮುಗಿಸಿ ಬಂದೆ, ಇಲ್ಲಿ ಕುಸ್ತಿ ನಡೆಯುತ್ತಿದೆ. ಇಬ್ಬರೂ ಸರಿ. ಈಗ ಅಪ್ಪನ ಪ್ರಶ್ನೆಗೆ ಬರೋಣ, ಯಾಕೆಂದರೆ ನಿಮ್ಮ ಜಗಳದಲ್ಲೇ ಅದರ ಉತ್ತರ ಇದೆ.

ಒಂದು, ವೇಗ. ಪೆಂಟೋಥಾಲ್ ಅಂದರೆ ಥಯೋಪೆಂಟೋನ್. ಪೆಂಟೋಬಾರ್ಬಿಟೋನ್ ಅನ್ನುವ ಹಳೆಯ ಮದ್ದಿನಲ್ಲಿ ಒಂದು ಆಮ್ಲಜನಕದ ಪರಮಾಣು ತೆಗೆದು ಆ ಜಾಗಕ್ಕೆ ಗಂಧಕ ಕೂರಿಸಿದರೆ ಇದು. ಆ ಒಂದು ಬದಲಾವಣೆಗೆ ಅದು ಕೊಬ್ಬಿನಲ್ಲಿ ಸಲೀಸಾಗಿ ಕರಗುವಂತಾಯಿತು. ಮಿದುಳಿನ ರಕ್ತನಾಳದ ಗೋಡೆ ಒಂಥರಾ ಎಣ್ಣೆಯ ಗೋಡೆ. ಎಣ್ಣೆಯಲ್ಲಿ ಕರಗುವುದು ಸರ್ರನೆ ದಾಟುತ್ತದೆ. ತೋಳಿನಿಂದ ರಕ್ತದ ಜೊತೆ ಮಿದುಳಿಗೆ ತಲುಪಿದ ಕೂಡಲೇ, ಅರ್ಧ ನಿಮಿಷದ ಆಸುಪಾಸಿನಲ್ಲಿ, ಮನುಷ್ಯ ಮಲಗಿದ. ಗಾರ್ಡಿನಲ್ ಹಾಗಲ್ಲ. ಅದನ್ನು ನೇರ ರಕ್ತಕ್ಕೇ ಕೊಟ್ಟರೂ ಮಿದುಳಿನಲ್ಲಿ ಪೂರ್ತಿ ಸೇರಲು ಹದಿನೈದು ನಿಮಿಷವೋ ಜಾಸ್ತಿಯೋ ಬೇಕು.

ಎರಡು, ಕಿಂಡಿಯ ವಿಷಯ. ಕಡಿಮೆ ಪ್ರಮಾಣದಲ್ಲಿ ಬಾರ್ಬಿಚುರೇಟ್‌ಗೆ ಗಾಬಾ ಬೇಕು. ಗಾಬಾ ತೆರೆದ ಬಾಗಿಲಿಗೆ ಇದು ಕಾಲು ಕೊಡುತ್ತದೆ ಅಷ್ಟೇ. ಪ್ರಮಾಣ ಏರಿದಾಗ ಗಾಬಾ ಇಲ್ಲದೆಯೂ ತಾನೇ ಬಾಗಿಲು ತೆಗೆಯುತ್ತದೆ. ಥಯೋಪೆಂಟೋನ್, ಪೆಂಟೋಬಾರ್ಬಿಟೋನ್‌ಗೆ ಈ ಕಸುಬು ಚೆನ್ನಾಗಿ ಬರುತ್ತದೆ. ಫೀನೋಬಾರ್ಬಿಟೋನ್‌ಗೆ ಅಷ್ಟು ಬರುವುದಿಲ್ಲ. ಅಪ್ಪನ ರಕ್ತದಲ್ಲಿ ಇರುವ ಪ್ರಮಾಣಕ್ಕೆ ಅದು ಕಾಲು ಅಡ್ಡ ಕೊಡುತ್ತದೆ, ಗ್ಲುಟಮೇಟ್ ಕಡೆ ಸ್ವಲ್ಪ ಬ್ರೇಕ್ ಹಾಕುತ್ತದೆ. ಫಿಟ್ಸ್ ಅಂದರೆ ಏನು? ಕೋಶಗಳ ಗುಂಪು ಒಟ್ಟಿಗೆ "ಹೊರಡು ಹೊರಡು" ಅಂತ ಕಿರುಚುವುದು. ಅದು ಹರಡದ ಹಾಗೆ ತಡೆಯಲು ಇಷ್ಟು ಬ್ರೇಕ್ ಸಾಕು. ಮಾಮೂಲಿ ಮಾತುಕತೆ ನಡೆಯುತ್ತಲೇ ಇರುತ್ತದೆ, ಅಪ್ಪ ವಾಕಿಂಗ್ ಹೋಗುತ್ತಾರೆ.

ಇದರಿಂದಲೇ ಇನ್ನೊಂದು ವಿಷಯ. ಡಯಾಜಿಪಾಮ್ ತಾನಾಗಿ ಬಾಗಿಲು ತೆಗೆಯುವುದಿಲ್ಲ, ಗಾಬಾ ಬೇಕೇ ಬೇಕು. ಹಾಗಾಗಿ ಅದಕ್ಕೊಂದು ಮಿತಿ ಇದೆ. ಬಾರ್ಬಿಚುರೇಟ್‌ಗೆ ಆ ಮಿತಿ ಇಲ್ಲ. ಜಾಸ್ತಿ ಆದರೆ ಉಸಿರಾಟ ನಡೆಸುವ ಕೋಶಗಳೂ ನಿಲ್ಲುತ್ತವೆ. ಡಯಾಜಿಪಾಮ್ ಇಳಿಸಲು ಪ್ರತಿಮದ್ದು ಇದೆ, ಇದಕ್ಕೆ ಇಲ್ಲ. ಒಂದು ಕಾಲದಲ್ಲಿ ನಿದ್ದೆ ಮಾತ್ರೆ ಅಂದರೆ ಇವೇ. 1962ರಲ್ಲಿ ಮರ್ಲಿನ್ ಮನ್ರೋ ಸತ್ತದ್ದೂ ಬಾರ್ಬಿಚುರೇಟ್ ಜಾಸ್ತಿ ಆಗಿ. ಈಗ ನಿದ್ದೆಗೆ ಇವನ್ನು ಕೊಡುವುದೇ ಇಲ್ಲ ಅನ್ನಬಹುದು.

ಡೊಂಬಿವಲಿ ಫಾಸ್ಟ್
ಡಾಕ್ಟ್ರೇ, ಇದನ್ನು ಅಪ್ಪನಿಗೆ ಓದಿ ಹೇಳಿದೆ. "ಗಂಧಕವೋ! ಅದಕ್ಕೇ ಅವತ್ತು ಬಾಯಲ್ಲಿ ಬೆಳ್ಳುಳ್ಳಿ ರುಚಿ ಬಂದಿತ್ತು. ನಿಮ್ಮಮ್ಮ ನಂಬಲೇ ಇಲ್ಲ" ಅಂತ ಕುರ್ಚಿಯಿಂದ ಎದ್ದರು. 1987ರ ಕೇಸ್ ಈಗ ಮರುವಿಚಾರಣೆಗೆ ಬಂದಿದೆ. ಅಮ್ಮ ಅಡುಗೆಮನೆಯಿಂದ ಹೊರಗೆ ಬರುತ್ತಿಲ್ಲ.

ಕೊಥ್ರೂಡ್ ಅರಿವಳಿಕೆ
ಅಪ್ಪ ಗೆದ್ದರು! ಬೆಳ್ಳುಳ್ಳಿ ಇಲ್ಲವೇ ಈರುಳ್ಳಿ ರುಚಿ, ಕಣ್ಣು ಮುಚ್ಚುವ ಮೊದಲು ಬಹಳ ಜನ ಹೇಳುತ್ತಾರೆ. ಹಳದಿ ಪುಡಿ ಅದು, ನೀರು ಬೆರೆಸಿ 2.5 ಪರ್ಸೆಂಟ್ ಮಾಡಿ ಕೊಡುತ್ತಿದ್ದೆವು. ಈಗ ಹೆಚ್ಚಾಗಿ ಪ್ರೊಪೊಫಾಲ್, ಹಾಲಿನ ಹಾಗೆ ಬಿಳಿ. ಅದೂ ಗಾಬಾ ಕಿಂಡಿಗೇ ಹೋಗುವುದು, ಆದರೆ ಅದು ಬಾರ್ಬಿಚುರೇಟ್ ಅಲ್ಲ.

ಹಡಪಸರ ಹುಬ್ಬಳ್ಳಿ
ನಮ್ಮ ಕಾಕಾನ ಅನುಮಾನ ಒಂದು ಐತ್ರಿ. ಪೆಂಟೋಥಾಲ್ ಹತ್ತು ನಿಮಿಷಕ್ಕೆ ಇಳಿಯುತ್ತದೆ ಅಂತಾರೆ. ಮತ್ತ ಅವನು ಮರುದಿನವೂ ತೂಗಾಡುತ್ತಿದ್ದನಲ್ಲ?

ಮಾಟುಂಗಾ ಮೇಷ್ಟ್ರು
ಇದು ನನ್ನ ಇಷ್ಟದ ಪಾಠ, ಯಾರೂ ಬಾಯಿ ಹಾಕಬೇಡಿ. ಎಚ್ಚರ ಆಗುವುದು ಮದ್ದು ದೇಹದಿಂದ ಹೋದದ್ದಕ್ಕಲ್ಲ, ಜಾಗ ಬದಲಾಯಿಸಿದ್ದಕ್ಕೆ. ಮೊದಲು ಮಿದುಳಿಗೆ ನುಗ್ಗುತ್ತದೆ, ಅಲ್ಲಿ ರಕ್ತದ ಓಡಾಟ ಜಾಸ್ತಿ. ಆಮೇಲೆ ಮಾಂಸಖಂಡಗಳಿಗೆ, ನಿಧಾನಕ್ಕೆ ಕೊಬ್ಬಿಗೆ. ಮಿದುಳು ಖಾಲಿಯಾಗಿ ಐದು ಹತ್ತು ನಿಮಿಷಕ್ಕೆ ಕಣ್ಣು ಬಿಡುತ್ತಾನೆ. ಮದ್ದು ಇನ್ನೂ ಒಳಗೇ ಇದೆ! ದಾದರ್ ಸ್ಟೇಷನ್ನಿನಲ್ಲಿ ರೈಲಿನ ಡಬ್ಬಿ ಖಾಲಿ ಆದರೆ ಜನ ಮುಂಬೈ ಬಿಟ್ಟು ಹೋದರು ಅಂತಲ್ಲವಲ್ಲ, ಪ್ಲಾಟ್‌ಫಾರಂ ಮೇಲೆ ಇದ್ದಾರೆ. ಲಿವರ್ ಅದನ್ನು ಕರಗಿಸಲು ಗಂಟೆಗಟ್ಟಲೆ ಬೇಕು. ಮತ್ತೆ ಮತ್ತೆ ಡೋಸ್ ಕೊಟ್ಟರೆ ಪ್ಲಾಟ್‌ಫಾರಂ ತುಂಬುತ್ತದೆ, ಕಾಕಾ ಮರುದಿನ ತೂಗಾಡುತ್ತಾರೆ.

ವಾಸ್ಕೊ ಬಂದರು
ಗೋವಾದಿಂದ ಒಂದು ಪ್ರಶ್ನೆ. ಇಲ್ಲಿ ಎಲ್ಲರೂ ಹೇಳುವುದು, ದಿನಾ ಫೆಣಿ ಹಾಕುವವನಿಗೆ ಅರಿವಳಿಕೆ ಹಿಡಿಯುವುದೇ ಇಲ್ಲ ಅಂತ. ನಿಜವಾ ಸುಮ್ನೆ ಮಾತಾ? ಗೆಳೆಯನ ಪರವಾಗಿ ಕೇಳುತ್ತಿದ್ದೇನೆ.

ಶೆಟ್ರ ಕ್ಯಾಂಟೀನ್, ಮುಲುಂಡ್
ಗೆಳೆಯನ ಹೆಸರು ಕೂಡ ವಾಸ್ಕೊ ಬಂದರು ಅಂತಲೇ ಇರಬೇಕು.

ಕೊಥ್ರೂಡ್ ಅರಿವಳಿಕೆ
ಸುಮ್ನೆ ಮಾತಲ್ಲ. ಮದ್ಯವೂ ಗಾಬಾ ಕಿಂಡಿಯ "ತಡಿ"ಯನ್ನೇ ಜೋರು ಮಾಡುತ್ತದೆ. ದಿನಾ ಕುಡಿದರೆ ಮಿದುಳು ಅದಕ್ಕೆ ಒಗ್ಗಿಕೊಂಡು ತನ್ನ "ಹೊರಡು" ಜಾಸ್ತಿ ಮಾಡಿಕೊಳ್ಳುತ್ತದೆ. ಆಗ ಮಲಗಿಸಲು ಡೋಸ್ ಜಾಸ್ತಿ ಬೇಕಾಗಬಹುದು. ಆದರೆ ಕುಡಿದ ಅಮಲಲ್ಲೇ ಟೇಬಲ್ ಮೇಲೆ ಬಂದರೆ ಉಲ್ಟಾ, ಎರಡೂ ಸೇರಿ ಉಸಿರೇ ನಿಲ್ಲಬಹುದು. ನಾವು "ಎಷ್ಟು ಕುಡಿಯುತ್ತೀರಿ" ಅಂತ ಕೇಳುವುದು ಬೈಯಲಿಕ್ಕಲ್ಲ. ಹೆಂಡತಿಯನ್ನು ಹೊರಗೆ ಕಳಿಸಿ ಆದರೂ ನಿಜ ಹೇಳಿ.

ವಾಶಿ ವಕೀಲ
ನಿಜ ಹೇಳುವ ಮಾತು ಬಂತು, ಹಾಗಾದರೆ ನಾನು ಬಂದೆ. ಪೆಂಟೋಥಾಲ್ ಅಂದರೆ ನಾರ್ಕೊ ಟೆಸ್ಟ್ ಮದ್ದು ಅಲ್ವಾ? ನಮ್ಮ ಬೆಂಗಳೂರು ಲ್ಯಾಬ್ ಒಂದು ಕಾಲದಲ್ಲಿ ಇದಕ್ಕೇ ಟಿವಿಯಲ್ಲಿ ಬರುತ್ತಿತ್ತು. ಸುಪ್ರೀಂ ಕೋರ್ಟ್ 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಕೇಸಿನಲ್ಲಿ, ಒಪ್ಪಿಗೆ ಇಲ್ಲದೆ ನಾರ್ಕೊ, ಬ್ರೈನ್ ಮ್ಯಾಪಿಂಗ್, ಸುಳ್ಳು ಪತ್ತೆ ಯಾವುದನ್ನೂ ಮಾಡುವ ಹಾಗಿಲ್ಲ ಅಂದಿತು. ನನ್ನ ಪ್ರಶ್ನೆ: ಈ ಕಿಂಡಿ ತೆರೆದರೆ ಸತ್ಯ ಯಾಕೆ ಹೊರಗೆ ಬರಬೇಕು?

ಪಾಷಾಣ್ ರೋಡ್
ಬರುವುದಿಲ್ಲ ಸರ್. ಸತ್ಯಕ್ಕೆ ಅಂತ ಬೇರೆ ಕಿಂಡಿ ಇಲ್ಲ. ಕಡಿಮೆ ಡೋಸಿನಲ್ಲಿ ತಡೆದುಕೊಳ್ಳುವ ಶಕ್ತಿ ಹೋಗುತ್ತದೆ, ಬಾಯಿ ಸಡಿಲ ಆಗುತ್ತದೆ. ಬರುವುದರಲ್ಲಿ ನಿಜ, ಕನಸು, ಕೇಳಿದವನು ಹೇಳಿಕೊಟ್ಟದ್ದು ಎಲ್ಲ ಕಲಸಿರುತ್ತದೆ.

ಶೆಟ್ರ ಕ್ಯಾಂಟೀನ್, ಮುಲುಂಡ್
ರಾತ್ರಿ ಹನ್ನೊಂದಕ್ಕೆ ನಮ್ಮ ಬಾರ್ ಸೆಕ್ಷನ್ನಿಗೆ ಬನ್ನಿ ವಕೀಲರೇ. ದಿನಾ ಹತ್ತು ನಾರ್ಕೊ ಟೆಸ್ಟ್ ನಡೆಯುತ್ತದೆ. ಒಬ್ಬನದೂ ನಿಜ ಇಲ್ಲ.

ವಾಶಿ ವಕೀಲ
ಇನ್ನೊಂದು ಮುಂಬೈ ಸಂಬಂಧ ಹೇಳಿ ಹೋಗುತ್ತೇನೆ. ಅಮೆರಿಕದಲ್ಲಿ ಮರಣದಂಡನೆಗೆ ಬಳಸುತ್ತಿದ್ದ ಮೂರು ಮದ್ದಿನಲ್ಲಿ ಮೊದಲನೆಯದು ಇದೇ. ಅಲ್ಲಿ ಅದನ್ನು ಮಾಡುತ್ತಿದ್ದ ಕಂಪನಿ 2011ರಲ್ಲಿ ತಯಾರಿಕೆ ಬಿಟ್ಟಿತು. ಅದೇ ಸುಮಾರಿಗೆ ನೆಬ್ರಾಸ್ಕಾ ರಾಜ್ಯದವರು ಮುಂಬೈಯ ಒಂದು ಕಂಪನಿಯಿಂದ ತರಿಸಿದ್ದರು. ವಿಷಯ ಹೊರಗೆ ಬಂದ ಮೇಲೆ ಕಂಪನಿ, ಇನ್ನು ಈ ಕೆಲಸಕ್ಕೆ ಮಾರುವುದಿಲ್ಲ ಅಂತ ಹೇಳಿತು.

ಮೀರಾ ರೋಡ್ ಅಕ್ಕ
ಹುಡುಗನ ಅಪ್ಪನಿಗೆ ಆಪರೇಷನ್ ಇರುವಾಗ ಮರಣದಂಡನೆ ಮಾತು ಯಾಕಪ್ಪಾ? ಬಿಡ್ತು ಅನ್ನಿ.

ವಾಶಿ ವಕೀಲ
ಬಿಡ್ತು ಅಕ್ಕ. ತಪ್ಪಾಯಿತು.

ಡೊಂಬಿವಲಿ ಫಾಸ್ಟ್
ಪರವಾಗಿಲ್ಲ ಅಕ್ಕ, ಅಪ್ಪನಿಗೆ ಅದನ್ನು ಓದಿ ಹೇಳಲಿಲ್ಲ.

ಪಾಷಾಣ್ ರೋಡ್
ವಿಷಯ ಬದಲಾಯಿಸಲು ಒಂದು ಒಳ್ಳೆಯದು ಹೇಳುತ್ತೇನೆ. ಬಹಳ ವರ್ಷ ಜನ ನಂಬಿದ್ದು, ಅರಿವಳಿಕೆ ಮದ್ದುಗಳು ಕೋಶದ ಎಣ್ಣೆಯ ಪೊರೆಯಲ್ಲಿ ಕರಗಿ ಅದನ್ನು ಮೆತ್ತಗೆ ಮಾಡುತ್ತವೆ ಅಂತ. 1900ರ ಆಸುಪಾಸಿನಲ್ಲಿ ಮೇಯರ್, ಓವರ್ಟನ್ ಇಬ್ಬರೂ ಬೇರೆ ಬೇರೆಯಾಗಿ ಕಂಡುಕೊಂಡಿದ್ದರು, ಎಣ್ಣೆಯಲ್ಲಿ ಎಷ್ಟು ಕರಗುತ್ತದೋ ಅಷ್ಟು ಜೋರು ಮದ್ದು. 1984ರಲ್ಲಿ ಲಂಡನ್ನಿನ ಫ್ರಾಂಕ್ಸ್ ಮತ್ತು ಲೀಬ್ ಮಿಂಚುಹುಳದ ಬೆಳಕು ಮಾಡುವ ಪ್ರೋಟೀನ್ ತಗೊಂಡರು. ಎಣ್ಣೆಯ ಒಂದು ಹನಿಯೂ ಇಲ್ಲ. ಅರಿವಳಿಕೆ ಮದ್ದು ಹಾಕಿದರು, ಬೆಳಕು ಮಂಕಾಯಿತು. ಅಂದರೆ ಮದ್ದು ಪ್ರೋಟೀನಿಗೇ ನೇರ ಹೋಗಿ ಕೂರಬಲ್ಲದು. ಅಲ್ಲಿಂದ ಎಲ್ಲರ ಕಣ್ಣು ಪ್ರೋಟೀನುಗಳ ಕಡೆಗೆ, ಕಿಂಡಿಗಳ ಕಡೆಗೆ ತಿರುಗಿತು. 2020ರಲ್ಲಿ ಗಾಬಾ ಕಿಂಡಿಯನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಚಿತ್ರ ತೆಗೆದಾಗ, ಅಪ್ಪನ ಗಾರ್ಡಿನಲ್ ಆ ಐದು ತುಂಡುಗಳ ನಡುವಿನ ಸಂದಿನಲ್ಲಿ ಕೂತದ್ದು ಕಂಡಿತು.

ಹಡಪಸರ ಹುಬ್ಬಳ್ಳಿ
ಮಳೆ ಶುರುವಾಗುವ ಮೊದಲು ಭಂಡಾರದರಾಕ್ಕೆ ಮಿಂಚುಹುಳ ನೋಡಲು ಹೋಗಿದ್ದೆವು. ಗಿಡ ತುಂಬ ದೀಪ. ಮುಂದಿನ ಸಲ ನೋಡಿದಾಗ ಈ ಮಾತು ನೆನಪಾಗುತ್ತದೆ.

ಮಾಟುಂಗಾ ಮೇಷ್ಟ್ರು
ಈ ಚಿತ್ರದ ವಿಷಯ ನಾನು ರಿಟೈರ್ ಆದ ಮೇಲಿನದು. ತಮ್ಮಾ, ಪಾಠದ ನೋಟ್ಸ್ ಇದ್ದರೆ ಕಳಿಸು. ಗ್ಲುಟಮೇಟ್ ವಿಷಯವನ್ನೂ ಸೇರಿಸು.

ಪಾಷಾಣ್ ರೋಡ್
ಖಂಡಿತ ಸರ್. ಇನ್ನೊಂದು ಸೇರಿಸುತ್ತೇನೆ. ಗಾಬಾ ಯಾವಾಗಲೂ "ತಡಿ" ಅನ್ನುವುದಿಲ್ಲ. ಆಗ ತಾನೇ ಹುಟ್ಟಿದ ಮಗುವಿನ ಮಿದುಳಿನ ಹಲವು ಕೋಶಗಳ ಒಳಗೆ ಕ್ಲೋರೈಡ್ ಮೊದಲೇ ಜಾಸ್ತಿ ಇರುತ್ತದೆ. ಕಿಂಡಿ ತೆರೆದರೆ ಅದು ಹೊರಗೆ ಓಡುತ್ತದೆ, ಕೋಶ ಶಾಂತ ಆಗುವ ಬದಲು ಏಳಬಹುದು. ಎಳೆ ಮಕ್ಕಳ ಫಿಟ್ಸ್‌ಗೆ ಗಾರ್ಡಿನಲ್ ಕೆಲವು ಸಲ ಪೂರ್ತಿ ಕೆಲಸ ಮಾಡದಿರಲು ಇದೂ ಒಂದು ಕಾರಣ ಇರಬಹುದು ಅಂತಾರೆ.

ಮೀರಾ ರೋಡ್ ಅಕ್ಕ
ಅದೇ ಬಾಗಿಲು, ಮಗುವಿಗೆ ಉಲ್ಟಾ! ಇಷ್ಟು ದಿನ ಮಿದುಳಿಗೆ ಮತ್ತು ಬಂದರೆ ಲೈಟ್ ಆಫ್ ಮಾಡಿದ ಹಾಗೆ ಅಂದುಕೊಂಡಿದ್ದೆ.

ಕೊಥ್ರೂಡ್ ಅರಿವಳಿಕೆ
ಲೈಟ್ ಆಫ್ ಅಲ್ಲ ಅಕ್ಕ. ಕೋಶಗಳು ಜೀವಂತ, ತಂತಿಯಲ್ಲಿ ಕರೆಂಟ್ ಇದೆ. ಒಬ್ಬರ ಮಾತು ಒಬ್ಬರಿಗೆ ತಲುಪುತ್ತಿಲ್ಲ ಅಷ್ಟೇ. ಇನ್ನೂ ಆಳಕ್ಕೆ ಹೋದರೆ ಮಿದುಳಿನ ಕರೆಂಟ್ ಅಳೆಯುವ ಇಇಜಿಯಲ್ಲಿ ಗೆರೆ ಸಪಾಟು, ಮತ್ತೆ ಒಂದು ಗದ್ದಲ, ಮತ್ತೆ ಸಪಾಟು ಹೀಗೆ ಕಾಣುತ್ತದೆ. ರಾತ್ರಿ ನಿದ್ದೆಯಲ್ಲಿ ಹೀಗೆ ಆಗುವುದಿಲ್ಲ. "ನಿದ್ದೆ ಮಾಡಿಸುತ್ತೇವೆ" ಅಂತ ನಾವು ಹೇಳುವುದು ನೀವು ಹೆದರಬಾರದು ಅಂತ.

ಡೊಂಬಿವಲಿ ಅವರೇ, ಒಂದು ಕೆಲಸದ ಮಾತು. ಮೂವತ್ತು ವರ್ಷದ ಗಾರ್ಡಿನಲ್ ಲಿವರ್ ಅನ್ನು ಚುರುಕು ಮಾಡಿರುತ್ತದೆ. ಬೇರೆ ಹಲವು ಮದ್ದುಗಳು ಬೇಗ ಕರಗಿಹೋಗುತ್ತವೆ. ಹಾಗಾಗಿ ಎಷ್ಟು ವರ್ಷದಿಂದ, ಎಷ್ಟು ಮಿಲಿಗ್ರಾಂ ಅನ್ನುವುದನ್ನು ಚೀಟಿಯಲ್ಲಿ ಬರೆದು ಕೊಡಿ, ಬಾಯಲ್ಲಿ ಹೇಳಿದರೆ ಸಾಲದು.

ಡೊಂಬಿವಲಿ ಫಾಸ್ಟ್
ಬರೆದೆ ಡಾಕ್ಟ್ರೇ. ಆಪರೇಷನ್ ಆದ ಮೇಲೆ ತಿಳಿಸುತ್ತೇನೆ.

*(ಎಂಟು ದಿನದ ನಂತರ)*

ಡೊಂಬಿವಲಿ ಫಾಸ್ಟ್
ಆಪರೇಷನ್ ಆಯಿತು, ಎಲ್ಲ ಚೆನ್ನಾಗಿದೆ. ಆದರೆ ಒಂದು ವಿಷಯ ಹೇಳಿದರೆ ಹೊಡೆಯಬೇಡಿ. ಅಪ್ಪನನ್ನು ಮಲಗಿಸಲೇ ಇಲ್ಲ! ಬೆನ್ನಿಗೆ ಸೂಜಿ ಕೊಟ್ಟರು, ಸೊಂಟದ ಕೆಳಗೆ ಮಾತ್ರ ಮರಗಟ್ಟಿತು. ಅಪ್ಪ ಪೂರ್ತಿ ಎಚ್ಚರ. ಪರದೆಯ ಈ ಕಡೆ ಮಲಗಿಕೊಂಡು ಡಾಕ್ಟ್ರಿಗೆ ಮರಾಠಿಯಲ್ಲಿ ಮಿಂಚುಹುಳದ ಕಥೆ ಹೇಳಿದರಂತೆ.

ಪಾಷಾಣ್ ರೋಡ್
ಅಯ್ಯೋ! ಬೆನ್ನಿಗೆ ಕೊಡುವ ಮದ್ದಿಗೂ ಸಂದಿಗೂ ಸಂಬಂಧವೇ ಇಲ್ಲ. ಅದು ತಂತಿಯನ್ನೇ ನಿಲ್ಲಿಸುವುದು, ಸೋಡಿಯಂ ಕಿಂಡಿ ಮುಚ್ಚಿ. ಇಷ್ಟೆಲ್ಲ ಜಗಳ ಆಡಿದ್ದು ಸುಮ್ನೆ ಹೋಯಿತು.

ಮಾಟುಂಗಾ ಮೇಷ್ಟ್ರು
ಹೋಗಲಿಲ್ಲ. ತಂತಿಗೆ ಒಂದು ಮದ್ದು, ಜೋಡಣೆಗೆ ಇನ್ನೊಂದು. ಒಂದೇ ಮನೆಯಲ್ಲಿ ಎರಡೂ ಪ್ರಯೋಗ ಆಯಿತು, 1987ರಲ್ಲಿ ಒಂದು, ಈಗ ಒಂದು.

ಶೆಟ್ರ ಕ್ಯಾಂಟೀನ್, ಮುಲುಂಡ್
ಹೊರಗೆ ಬಂದ ಮೇಲೆ ಅಪ್ಪ ಮೊದಲು ಏನು ಕೇಳಿದರು? ಊಟಾನಾ?

ಡೊಂಬಿವಲಿ ಫಾಸ್ಟ್
"ರಾತ್ರಿ ಮಾತ್ರೆ ತಂದಿದ್ದೀಯಾ?"